ಕಾಲುವೆ ಏರಿಯ ಮೇಲೆ ಗಾದಿಲಿಂಗ ಮಾಸ್ತರರು

ಗಾದಿಲಿಂಗ ಮಾಸ್ತರರಿಗೆ ಒಂದು ಚಿತ್ರ ಬರುತ್ತಿತ್ತು. ಒಂದೇ. ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಗುಡ್ಡದ ಬುಡದಿಂದ ಹೊರಟು ನೋಡುವವರ ಕಾಲಿಗೇ ಬಂದು ಬೀಳುವ ನದಿ, ದಂಡೆಯ ಮೇಲೆ ಕೆಂಪು ಹಂಚಿನ ಮನೆ, ಬಾಗಿದ ಎರಡು ತೆಂಗಿನ ಮರ, ಆಕಾಶದಲ್ಲಿ ಐದು ಹಕ್ಕಿ. ಹಕ್ಕಿ ಯಾವ ಕಾಲಕ್ಕೂ ಐದೇ. ಆರನೆಯದಕ್ಕೆ ಮಾಸ್ತರರು ಅವಕಾಶ ಕೊಟ್ಟವರಲ್ಲ. ಇದಿಷ್ಟನ್ನೂ ಬಣ್ಣ ಸಮೇತ ಅವರು ಹನ್ನೊಂದು ನಿಮಿಷದಲ್ಲಿ ಮುಗಿಸುತ್ತಿದ್ದರು.

ಸಿಂಧನೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಡ್ರಾಯಿಂಗ್ ಮಾಸ್ತರರಾಗಿ ಅವರು ಈ ಚಿತ್ರವನ್ನು ಕಲಿಸಿದ್ದರು. ಊರಿನ ಎರಡು ಕಟಿಂಗ್ ಅಂಗಡಿಯಲ್ಲಿ, ಒಂದು ಕಲ್ಯಾಣ ಮಂಟಪದ ವೇದಿಕೆಯ ಹಿಂದೆ, ರೈಸ್ ಮಿಲ್ಲಿನ ಸಾಹುಕಾರರ ಹಾಲಿನಲ್ಲಿ, ಲೆಕ್ಕವಿಲ್ಲದಷ್ಟು ಟ್ರ್ಯಾಕ್ಟರ್ ಟ್ರೇಲರುಗಳ ಹಿಂಭಾಗದಲ್ಲಿ ಅದು ಇತ್ತು. ಊರ ಸುತ್ತ ಕಣ್ಣು ಹಾಯುವ ತನಕ ಸಪಾಟು ಭತ್ತದ ಗದ್ದೆ. ಅಂಥ ಗುಡ್ಡವಿಲ್ಲ, ಅಂಥ ನದಿಯಿಲ್ಲ, ಕೆಂಪು ಹಂಚಿನ ಮನೆಯಂತೂ ಇಲ್ಲವೇ ಇಲ್ಲ. ಆದರೂ ಇದು ಎಲ್ಲಿಯದು ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ನಮ್ಮ ಜನಕ್ಕೆ ಚಿತ್ರ ಎಂದರೆ ತಮ್ಮ ಊರಲ್ಲಿ ಇಲ್ಲದ್ದು ಇರಬೇಕಾದ ಜಾಗ.

ಕೇಳಿದವರು ಲಿಂಗಸುಗೂರಿನಲ್ಲಿ ಸಿಕ್ಕರು. ಅಲ್ಲಿ ಡ್ರಾಯಿಂಗ್ ಮಾಸ್ತರರಿಗೆಂದು ಒಂದು ದಿನದ ತರಬೇತಿ ಇತ್ತು. ಹೇಳಿಕೊಡಲು ಕಲಬುರಗಿಯಿಂದ ಒಬ್ಬ ಮುದಿ ಕಲಾವಿದರು ಬಂದಿದ್ದರು. ಹಿಂದಿನ ದಿನ ಸಿಂಧನೂರಿನಲ್ಲಿ ಬೀಗರ ಮನೆಯಲ್ಲಿ ಉಳಿದು, ಬೆಳಿಗ್ಗೆ ಬಸ್ಸು ಹತ್ತಿ ಬಂದವರು. ಮಾಸ್ತರರು ತಮ್ಮ ಹನ್ನೊಂದು ನಿಮಿಷದ ಕಲಾಕೃತಿಯನ್ನು ಅವರ ಮುಂದೆ ಹಿಡಿದರು.

"ಇದು ಯಾವೂರು ರೀ, ಮಾಸ್ತರ?"

"ನಮ್ಮೂರ ರೀ ಸರ. ಸಿಂಧನೂರು ಸೀಮಿ."

"ನಾ ಮುಂಜಾನೆ ಅಲ್ಲಿಂದನ ಬಂದೀನಿ. ಕಿಡಕಿ ಬಾಜೂಕ ಕುಂತು ಬಂದೀನಿ. ಮಸ್ಕಿ ಬರೂತನಕ ಒಂದು ದಿಬ್ಬ ಸೈತ ಕಾಣಲಿಲ್ಲ. ಈ ಗುಡ್ಡ ನಮ್ಮ ಬಸ್ಸು ಹ್ವಾದಮ್ಯಾಲ ಬಂದುವೇನು?"

ನಲವತ್ತು ಜನ ಡ್ರಾಯಿಂಗ್ ಮಾಸ್ತರರು ಹೊಟ್ಟೆ ಹಿಡಿದು ನಕ್ಕರು. ಆ ನಲವತ್ತೂ ಜನರ ಚೀಲದಲ್ಲಿ ಅದೇ ಎರಡು ಗುಡ್ಡ ಇದ್ದವು. ಒಬ್ಬೊಬ್ಬರೂ ನಗುತ್ತಲೇ ಚೀಲದ ಝಿಪ್ಪು ಎಳೆದುಕೊಂಡರು.

"ಮನಿಯಾಗ ಕುಂತು ಬರದರ ಬರೇ ಕೈ ಬರೀತೈತಿ," ಅಂದರು ಮುದುಕರು. "ಹೊರಗ ಹೋಗ್ರಿ. ಬಿಸಿಲಾಗ ನಿಂದರ್ರಿ. ಒಂದ ಜಾಗ, ಒಂದ ಚಿತ್ರ, ಎರಡು ತಿಂಗಳು. ಇದ್ದದ್ದು ಇದ್ದಂಗ ಬರೀರಿ. ನವೆಂಬರ ಹದಿನೈದಕ್ಕ ಇಲ್ಲೇ ಪ್ರದರ್ಶನ ಐತಿ, ತಗಂಡು ಬರ್ರಿ. ನೋಡೋಣಂತ."

ಬಸ್ಸಿನಲ್ಲಿ ವಾಪಸು ಬರುವಾಗ ಮಾಸ್ತರರು ಕಿಟಕಿಯಿಂದ ಹೊರಗೆ ನೋಡಲೇ ಇಲ್ಲ. ನಾಚಿಕೆಯಾಗಿತ್ತು. ಗಣಿತದ ಮಾಸ್ತರರು, ವಿಜ್ಞಾನದ ಮಾಸ್ತರರು ಯಾವಾಗಲೂ ತಮ್ಮ ಪಿರಿಯಡ್ ಕಸಿದುಕೊಂಡಾಗ ಆಗದ ಅವಮಾನ ಅವತ್ತು ಆಗಿತ್ತು. ಮನೆಗೆ ಬಂದವರೇ ಹೆಂಡತಿ ಜಯಶ್ರೀಗೆ, ತಾವು ಇನ್ನು ಮೇಲೆ ಹೊರಗೆ ನಿಂತು ಚಿತ್ರ ಬರೆಯುವುದಾಗಿ ಘೋಷಿಸಿದರು.

"ಮನಿಯಾಗ ಫ್ಯಾನ್ ಐತ್ರಿ," ಅಂದಳು ಜಯಶ್ರೀ. "ಫ್ಯಾನಿನ ಕೆಳಗ ಕುಂತು ಗುಡ್ಡ ಬರೀತಿದ್ರಿ. ನಿಮಗ ಯಾರು ಬ್ಯಾಡ ಅಂದಿದ್ರು?"

ಕಲಾವಿದರು ಇಂಥ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ ಎಂದು ಮಾಸ್ತರರಿಗೆ ಅಷ್ಟರಲ್ಲೇ ಗೊತ್ತಾಗಿತ್ತು. ವೆಲ್ಡಿಂಗ್ ಅಂಗಡಿಯ ಮೌಲಾಸಾಬ್‌ನ ಹತ್ತಿರ ಹೋಗಿ ಬೋರ್ಡು ನಿಲ್ಲಿಸಲು ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ಮಾಡಿಸಿದರು. ಮೌಲಾಸಾಬ್ ಒಳ್ಳೆಯ ಮನುಷ್ಯ. ಪೆಟ್ರೋಲ್ ಬಂಕಿನ ಕಂಬಗಳಿಗೆ ಹಚ್ಚಿ ಉಳಿದಿದ್ದ ಕೆಂಪು, ಬಿಳಿ ಬಣ್ಣವನ್ನು ಸ್ಟ್ಯಾಂಡಿನ ಕಾಲಿಗೆ ಪಟ್ಟೆ ಪಟ್ಟೆಯಾಗಿ ಪುಕ್ಕಟೆ ಹಚ್ಚಿಕೊಟ್ಟ. "ದೂರಿಂದ ಕಾಣಬೇಕ್ರಿ ಸರ, ಟ್ರ್ಯಾಕ್ಟರ್ ಬಂದು ಗುದ್ದಬಾರದು," ಅಂದ. ಅದು ಎಷ್ಟು ದೂರದಿಂದ ಕಂಡಿತು ಎಂಬುದೇ ಈ ಕಥೆ.

ಜವಳಗೇರಾ ದಾಟಿದರೆ ಒಂದು ಉಪಕಾಲುವೆ. ಅದರ ಏರಿಯ ಮೇಲೆ ಒಂದು ಬೇವಿನ ಗಿಡ, ಗಿಡದ ಕೆಳಗೆ ಗದ್ದೆಮ್ಮನ ಗುಡಿಸಲು. ಅವಳ ಗಂಡ ಗಾಳೆಪ್ಪ ಕಾಲುವೆಯಲ್ಲಿ ದಿನಗೂಲಿಗೆ ನೀರು ಬಿಡುವ ಕೆಲಸದಲ್ಲಿದ್ದ. ಆಗಿನ ಸಾಹೇಬರೊಬ್ಬರು, ಇಲ್ಲೇ ಗುಡಿಸಲು ಹಾಕಿಕೊಂಡು ತೂಬು ಕಾಯಿ ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಗಾಳೆಪ್ಪ ಸತ್ತ, ಸಾಹೇಬರು ವರ್ಗವಾದರು, ಬಾಯಿಮಾತು ಅವರ ಜೊತೆಗೇ ಹೋಯಿತು, ಗುಡಿಸಲು ಉಳಿಯಿತು. ಮೂವತ್ತು ವರ್ಷದಿಂದ ಗದ್ದೆಮ್ಮ ಅಲ್ಲೇ ಇದ್ದು ನಾಟಿಗೆ ಬರುವ ಕೂಲಿಯವರಿಗೆ ಚಹಾ, ಮಿರ್ಚಿ ಮಾಡಿಕೊಡುತ್ತಿದ್ದಳು. ಆ ಗುಡಿಸಲು ಬಿಟ್ಟರೆ ಅವಳಿಗೆ ಬೇರೆ ನೆಲೆಯಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದೆ ನಗು ಬರುವ ಸಂಗತಿಗಳು ಬಹಳ ಇವೆ, ನಗುವ ಭರದಲ್ಲಿ ಇದು ಮರೆತುಹೋಗಬಾರದು.

ಮೊದಲ ಭಾನುವಾರ ಮಾಸ್ತರರು ಬೀಜದ ಕಂಪನಿಯವರು ಕೊಟ್ಟ ಕ್ಯಾಪು ಹಾಕಿಕೊಂಡು, ಏರಿಯ ಮೇಲೆ ಸ್ಟ್ಯಾಂಡು ನಿಲ್ಲಿಸಿ, ಹಸಿರು ಬಣ್ಣದ ಟ್ಯೂಬು ಹಿಂಡಿ ಗದ್ದೆಗೆ ಮೆತ್ತಿದರು. ತಲೆಯೆತ್ತಿ ನೋಡಿದರೆ ಗದ್ದೆ ಆ ಬಣ್ಣದಲ್ಲಿರಲಿಲ್ಲ. ಹತ್ತಿರದ ಪೈರು ಹಳದಿಗೆ ತಿರುಗಿತ್ತು, ದೂರದ್ದು ನೀಲಿಗೆ. ಗಾಳಿ ಬೀಸಿದಾಗ ಅಷ್ಟೂ ಬೆಳ್ಳಗಾಗಿ ಮತ್ತೆ ಹಸಿರಾಗುತ್ತಿತ್ತು. ಅದನ್ನು ಹಿಡಿಯುವಷ್ಟರಲ್ಲಿ ಮೋಡ ಬಂತು. ಮೋಡ ಹೋಗುವಷ್ಟರಲ್ಲಿ ಬಿಸಿಲು ಬೇರೆ ಕಡೆಯಿಂದ ಬೀಳುತ್ತಿತ್ತು. ಕಾಲುವೆಯ ನೀರು ನೀಲಿ ಎಂದು ಇಪ್ಪತ್ತೆರಡು ವರ್ಷ ಮಕ್ಕಳಿಗೆ ಹೇಳಿದ್ದರು. ಅದು ಹಾಲು ಹಾಕಿದ ಚಹಾದ ಬಣ್ಣದಲ್ಲಿತ್ತು. ಮಾಸ್ತರರು ಕುಂಚ ಹಿಡಿದು ನಿಂತೇ ಬಿಟ್ಟರು. ಇಷ್ಟೆಲ್ಲ ಇಲ್ಲೇ ಇತ್ತಲ್ಲ ಎಂದು ಅವರಿಗೆ ಸಂತೋಷವೂ ಆಯಿತು, ಅಳುವೂ ಬಂತು.

ಗುಡಿಸಲಿನ ಎತ್ತರಕ್ಕೂ ಬೇವಿನ ಗಿಡದ ಎತ್ತರಕ್ಕೂ ತಾಳೆಯಾಗದೆ, ತರಬೇತಿಯಲ್ಲಿ ತೋರಿಸಿಕೊಟ್ಟಂತೆ ಒಂದು ಕಣ್ಣು ಮುಚ್ಚಿ, ಕೈ ಉದ್ದಕ್ಕೆ ಚಾಚಿ, ಪೆನ್ಸಿಲ್ ನೆಟ್ಟಗೆ ಹಿಡಿದು, ಹೆಬ್ಬೆರಳನ್ನು ಮೇಲೆ ಕೆಳಗೆ ಸರಿಸುತ್ತ ಅಳತೆ ತೆಗೆಯತೊಡಗಿದರು.

ಕೆಂಪು ಬಿಳಿ ಪಟ್ಟೆಯ ಮೂರು ಕಾಲಿನ ಸ್ಟ್ಯಾಂಡು, ತಲೆಗೆ ಕ್ಯಾಪು, ಒಂದು ಕಣ್ಣು ಮುಚ್ಚಿ ಹೊಲದ ಕಡೆ ಕೈ ಚಾಚಿದ ಮನುಷ್ಯ. ಈ ಸೀಮೆಯಲ್ಲಿ ಇದಕ್ಕೆ ಇರುವುದು ಒಂದೇ ಅರ್ಥ. ಸರ್ವೇದವರು ಬಂದಿದ್ದಾರೆ. ರಿಂಗ್ ರೋಡು ಬರುತ್ತದೆ ಎಂಬ ಸುದ್ದಿ ಮೂರು ಇಲೆಕ್ಷನ್ನಿನಿಂದ ಓಡಾಡುತ್ತಿತ್ತು. ಅದು ಕೊನೆಗೂ ಮನುಷ್ಯರೂಪದಲ್ಲಿ ಬಂದು ಏರಿ ಮೇಲೆ ನಿಂತಿತ್ತು.

ಮೊದಲು ಬಂದವನು ಗಿಡ್ಡಪ್ಪ. ಕಾಲುವೆಗೆ ಹತ್ತಿದ ಎಂಟು ಎಕರೆ ಅವನದು. ತೂಬಿನಿಂದ ಬರುವ ನೀರು ಸಾಲದೆಂದು ಕಾಲುವೆಗೇ ಒಂದು ದಪ್ಪ ಪೈಪು ಇಳಿಬಿಟ್ಟು ಮೋಟಾರು ಹಚ್ಚಿದ್ದ. ಅವನು ಸ್ಟ್ಯಾಂಡಿನ ಮುಂದೆ, ಬೋರ್ಡು ಕಾಣದ ಕಡೆ ನಿಂತ. ಸರಕಾರಿ ಯಂತ್ರದ ಹಿಂದೆ ಹೋಗಿ ಇಣುಕಬಾರದೆಂಬ ತಿಳಿವಳಿಕೆ ಅವನಿಗಿತ್ತು.

"ನಮಸ್ಕಾರ್ರಿ ಸರ. ಯಾವ ಡಿಪಾರ್ಟಮೆಂಟು ರೀ ನಿಮ್ಮದು?"

ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ಎಂದು ಹೇಳಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಹೊತ್ತಿಗೆ ಮಾಸ್ತರರು ಡ್ರಾಯಿಂಗ್ ಮಾಸ್ತರರಾಗಿ ಉಳಿದಿರಲಿಲ್ಲ. ಕಲಾವಿದರಾಗಿದ್ದರು. ಸಣ್ಣಗೆ ನಕ್ಕು, "ನಾ ಯಾರೂ ಅಲ್ರಿ. ಬರೇ ನೋಡಾಕ ಬಂದೀನಿ," ಅಂದರು.

ಗಿಡ್ಡಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದ. ಸಣ್ಣ ನೌಕರ ಆಗಿದ್ದರೆ ತಾನು ದೊಡ್ಡ ಸಾಹೇಬ ಅನ್ನುತ್ತಿದ್ದ. ಯಾರೂ ಅಲ್ಲ ಅನ್ನುವವನು ಎಷ್ಟು ದೊಡ್ಡವನಿರಬೇಕು!

"ನಮ್ಮ ಹೊಲ ಬರತೈತೇನ್ರಿ ಇದರಾಗ?"

"ಬರಲೇಬೇಕಲ್ರಿ! ನಿಮ್ಮ ಹೊಲ ಬಿಟ್ಟರ ಇದರಾಗ ಉಳಿಯೂದರ ಏನು?"

"ಪೂರಾ ಬರತೈತ್ರಿ?"

"ಪೂರಾ. ಆ ತುದೀತನಕ."

ಗಿಡ್ಡಪ್ಪ ಅಲ್ಲೇ ಏರಿಯ ಮೇಲೆ ಕುಕ್ಕರಿಸಿದ. ಮರುದಿನ ಮಾಸ್ತರರು ಶಾಲೆಗೆ ಮೊದಲು ಬಂದು ನಿಂತಾಗ ಒಂದು ಗಡಿಗೆ ಮೊಸರು, ಚೀಲದಲ್ಲಿ ಹಸಿ ಶೇಂಗಾ ಹೊತ್ತು ಬಂದ. "ಜರಾ ಬಲಕ್ಕ ಸರಸ್ರಿ ಸರ, ನಿಮ್ಮ ಕಾಲಿಗಿ ಬೀಳ್ತೀನಿ. ಬಲಕ್ಕ ಪಂಪಾಪತಿ ಹೊಲ ಐತಿ. ಅವಗ ಬೇಕಾದಷ್ಟು ಐತಿ." ಮಾಸ್ತರರು ಇದನ್ನು ಹಳ್ಳಿಗನ ವಿನಯವೆಂದು ತಿಳಿದರು. ತನ್ನ ಹೊಲ ಅಷ್ಟು ಚಂದ ಇಲ್ಲವೆಂದು ಸಂಕೋಚಪಡುತ್ತಿದ್ದಾನೆ ಪಾಪ. "ಹೆದರಬ್ಯಾಡ್ರಿ ಗಿಡ್ಡಪ್ಪ, ನಿಮ್ಮ ಹೊಲದ ಮ್ಯಾಲನ ನನ್ನ ಕಣ್ಣು," ಅಂದರು. ಗಿಡ್ಡಪ್ಪ ಆ ದಿನ ಊಟ ಮಾಡಲಿಲ್ಲ.

ಪಂಪಾಪತಿಗೆ ಸುದ್ದಿ ಮುಟ್ಟಿತು. ಅವನ ಕಷ್ಟ ತಿರುಗಾಮುರುಗಾ. ಕಾಲುವೆ ನೀರು ನಿಂತು ನಿಂತು ಅವನ ಹೊಲ ಸವಳು ಹಿಡಿದು ಬೆಳ್ಳಗಾಗಿತ್ತು. ಅದನ್ನು ಸರಕಾರ ತೆಗೆದುಕೊಂಡು ಪರಿಹಾರ ಕೊಡುವುದಾದರೆ ಅವನು ಸರಕಾರದ ಪಾದಪೂಜೆ ಮಾಡಲು ತಯಾರಿದ್ದ. ಬೈಕಿನಲ್ಲಿ ಬಂದವನೇ, "ಗಿಡ್ಡಪ್ಪಂದು ಬಿಡ್ರಿ ಸರ, ನಮ್ಮದು ತಗೋರಿ. ನಾ ಮನಸ್ಸಿನಿಂದ ಕೊಡ್ತೀನಿ," ಅಂದ. ಮಾಸ್ತರರು ಆ ಬಿಳಿ ನೆಲವನ್ನು ನೋಡಿದರು. ಹಸಿರಿನ ಪಕ್ಕ ಅದು ನಿಜಕ್ಕೂ ಚೆನ್ನಾಗಿತ್ತು. "ಇಂಥದು ಹತ್ತೂರು ಹುಡುಕಿದ್ರೂ ಸಿಗಂಗಿಲ್ರಿ," ಅಂದರು. ಪಂಪಾಪತಿ ಅಲ್ಲಿಂದ ನೇರ ನರ್ಸರಿಗೆ ಹೋದ.

ಎರಡು ದಿನ ಬಿಟ್ಟು ಮಾಸ್ತರರು ಬಂದು ನೋಡಿದರೆ ಬಿಳಿ ನೆಲದ ತುಂಬ ಇನ್ನೂರು ಮಾವಿನ ಸಸಿ, ನಡುವೆ ಹೊಚ್ಚ ಹೊಸ ತಗಡಿನ ಶೆಡ್ಡು, ಭೂಮಿಗೆ ಇಳಿಯದೆ ಸುಮ್ಮನೆ ನೆಟ್ಟಿದ್ದ ಬೋರ್‌ವೆಲ್ಲಿನ ಪೈಪು. ಗಿಡ, ಕಟ್ಟಡ, ಬೋರು ಇದ್ದರೆ ಪರಿಹಾರ ಹೆಚ್ಚು ಸಿಗುತ್ತದೆಂದು ಈ ಸೀಮೆಯಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಮಾಸ್ತರರಿಗೆ ಗೊತ್ತಿರಲಿಲ್ಲ. ತಮ್ಮ ಬೋರ್ಡಿನಲ್ಲಿ ಖಾಲಿ ನೆಲ, ಎದುರಿಗೆ ತಗಡು. ಅವರು ಕೆರಳಿ ಕೂಗಾಡಿದರು.

"ಯಾರು ಕಟ್ಟಂದ್ರು ಇದನ್ನ? ಮೊದಲ ಹ್ಯಾಂಗಿತ್ತು ಹಂಗ ಇರಬೇಕು! ತಗೀರಿ! ನಾ ಇದನ್ನ ಒಪ್ಪೂದಿಲ್ಲ!"

ಸಂಜೆಯೊಳಗೆ ಶೆಡ್ಡು ಇರಲಿಲ್ಲ. ಸಸಿಗಳು ನರ್ಸರಿಗೆ ವಾಪಸಾದವು. ಇಷ್ಟು ಕಟ್ಟುನಿಟ್ಟಿನ ಅಧಿಕಾರಿ ಈ ಕಡೆ ಬಂದದ್ದೇ ಇಲ್ಲ ಎಂದು ಜವಳಗೇರಾದ ಬಸ್‌ಸ್ಟ್ಯಾಂಡಿನಲ್ಲಿ ಮಾತಾಯಿತು. ಮಾಸ್ತರರು ಮನೆಗೆ ಹೋಗಿ, "ಜಯಶ್ರೀ, ನಮ್ಮ ಜನಕ್ಕ ಕಲಾ ಅಂದ್ರ ಎಷ್ಟು ಗೌರವ ಗೊತ್ತೇನು?" ಅಂದರು.

"ಇಪ್ಪತ್ತೆರಡು ವರ್ಷ ನಿಮಗ ಒಂದು ಚಾ ಕುಡಿಸಲಾರದ ಜನ ಈಗ ಗಡಿಗಿ ಮೊಸರು ಕೊಡಾಕತ್ತಾರಂದ್ರ, ಅದರಾಗ ಏನೋ ಐತ್ರಿ," ಅಂದಳು ಜಯಶ್ರೀ. "ಒಮ್ಮೆ ವಿಚಾರಿಸ್ರಿ." ಮಾಸ್ತರರು ಮೊಸರನ್ನ ಉಂಡು ಮಲಗಿದರು.

ಬೋರ್ಡಿನ ಹಿಂದೆ ಹೋಗಿ ನೋಡಿದವಳು ಗದ್ದೆಮ್ಮ ಒಬ್ಬಳೇ. ಚಹಾ ಕೊಡಲು ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತು, ಹಪ್ಪಳ ಸುಡುವಷ್ಟು ಹೊತ್ತು ನೋಡಿದಳು.

"ಇದು ನನ್ನ ಗುಡಿಸಲ ಹೌದಲ್ಲ?"

"ಹೌದು ಯವ್ವ. ಹ್ಯಾಂಗೈತಿ?"

"ಗುಡಿಸಲ ಐತಿ. ನಂದಲ್ಲ. ನಂದು ಇಷ್ಟು ನೆಟ್ಟಗ ಎಲ್ಲೈತಿ? ಕಾಲುವಿ ಕಡಿ ವಾಲೇತಿ ನೋಡು. ಅದಕ್ಕ ಊರುಗೋಲು ಕೊಟ್ಟೀನಿ, ನೀ ಅದನ್ನ ಬರದ ಇಲ್ಲ. ಬಾಗಿಲಕ್ಕ ಗೊಬ್ಬರದ ಚೀಲ ಕಟ್ಟೀನಿ, ನೀ ಹಲಗಿ ಬರದೀದಿ. ಮತ್ತ ಆ ಕಲ್ಲು?"

ಗುಡಿಸಲಿನ ಮುಂದೆ, ಗದ್ದೆಯ ಕಡೆ ಒಂದು ಗಿಡ್ಡ ಕಲ್ಲು ಹುಗಿದಿತ್ತು. ಕಾಲುವೆಯ ಜಾಗ ಅಲ್ಲಿಗೆ ಮುಗಿಯಿತು ಎಂಬ ಗುರುತಿನ ಕಲ್ಲು, ಮೇಲೆ ನಂಬರು. ಮಾಸ್ತರರು ಅದು ಚಂದವಿಲ್ಲವೆಂದು ಬಿಟ್ಟಿದ್ದರು.

"ನನ್ನ ಗಂಡ ಕುಡಗೋಲು ಮಸೀತಿದ್ದ ಕಲ್ಲದು. ನೋಡಲ್ಲಿ, ಸವದು ಹ್ವಾದದ್ದು ಕಾಣತೈತಿಲ್ಲ? ಅದನ್ನ ಬಿಟ್ಟು ನನ್ನ ಮನಿ ಹ್ಯಾಂಗ ಬರೀತಿ?"

ಮಾಸ್ತರರಿಗೆ ಮುದಿ ಕಲಾವಿದರಿಗಿಂತ ಈ ಮುದುಕಿಯ ಹೆದರಿಕೆ ಹೆಚ್ಚಾಯಿತು. ಅವಳು ಹೇಳಿದ್ದನ್ನೆಲ್ಲ ನೋಡಿದರು, ಅಳೆದರು, ಕೆರೆದರು, ಮತ್ತೆ ಬರೆದರು. ಗುಡಿಸಲು ವಾಲಿತು. ಚೀಲದ ಮೇಲಿನ ಮಾಸಿದ ಅಕ್ಷರ ಬಂತು. ಕಲ್ಲು ಬಂತು, ಅದರ ನಂಬರು ಬಂತು, ಸವೆದ ಅಂಚಿನ ಮೇಲೆ ಬೀಳುವ ಬೆಳಗಿನ ಬಿಸಿಲೂ ಬಂತು. ಗಿಡ್ಡಪ್ಪನ ಪೈಪು ಸಹ ಬಂತು. ಮೂರನೆಯ ವಾರಕ್ಕೆ ಅದು ಚಿತ್ರವಾಗಿತ್ತು. ಗಾದಿಲಿಂಗ ಮಾಸ್ತರರ ಜೀವಮಾನದ ಮೊದಲನೆಯ ಚಿತ್ರ. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ಅದು ನಿಜಕ್ಕೂ ಒಳ್ಳೆಯದಾಗಿತ್ತು.

ಗದ್ದೆಮ್ಮ ತನ್ನ ಗಿರಾಕಿಗಳಿಗೆಲ್ಲ, "ಅಂವ ಸರ್ವೇದಂವ ಅಲ್ರೋ, ಚಿತ್ರ ಬರಿಯಾಕತ್ತಾನ," ಎಂದು ಹೇಳಿ ನೋಡಿದಳು. "ಸರ್ಕಾರದವರು ಬರಿಯೂದು ಚಿತ್ರನ ಬೇ. ಅದಕ್ಕ ನಕ್ಷಾ ಅಂತಾರ," ಎಂದು ಅವರು ಅವಳಿಗೇ ತಿಳಿಸಿ ಹೇಳಿದರು. ಕುಂಚ ಕೆಂಪು ಬಣ್ಣಕ್ಕೆ ಹೋದರೆ ರಸ್ತೆ ಹಾಕಿದ ಎಂದು ನಾಲ್ಕು ಜನ ನಿಟ್ಟುಸಿರು ಬಿಡುತ್ತಿದ್ದರು. ಬೇರೆ ಬಣ್ಣಕ್ಕೆ ಹೋದರೆ ಇನ್ನೆಂಟು ಜನ.

ಕೊನೆಗೆ ಊರಿನವರು ಕಾಲುವೆ ಕಚೇರಿಗೆ ಹೋಗಿ, ನಮಗೆ ತಿಳಿಸದೆ ಸರ್ವೇ ಹೇಗೆ ಮಾಡುತ್ತೀರಿ ಎಂದು ಗದ್ದಲ ಹಾಕಿದರು. ಅಲ್ಲಿನ ಇಂಜಿನಿಯರು ಶರಣಬಸವನಿಗೆ ಯಾವ ಸರ್ವೇಯೂ ಗೊತ್ತಿರಲಿಲ್ಲ. ಗೊತ್ತಿರದ ಸರ್ವೇ ಅಂದರೆ ಮೇಲಿನವರು ಗುಟ್ಟಾಗಿ ಕಳಿಸಿದ ಸರ್ವೇ. ತನ್ನ ಕಾಲುವೆಯ ಮೇಲೆ ಒಂದೂ ಒತ್ತುವರಿ ಇಲ್ಲ, ಒಂದೂ ಕಳ್ಳ ಪೈಪು ಇಲ್ಲ ಎಂದು ಆತ ನಾಲ್ಕು ವರ್ಷದಿಂದ ಕುರ್ಚಿ ಬಿಟ್ಟು ಏಳದೆ ಬರೆದು ಕಳಿಸುತ್ತಿದ್ದ. ಬೆವರು ಒರೆಸಿಕೊಂಡು ಜೀಪು ಹತ್ತಿ ಬಂದ. ದೂರದಲ್ಲೇ ಇಳಿದು, ನಡೆದು ಬಂದು, ಎರಡು ಸಲ ನಮಸ್ಕಾರ ಮಾಡಿದ.

"ಜರಾ ನೋಡಬಹುದೇನ್ರಿ ಸರ?"

ಒಬ್ಬ ಅಧಿಕಾರಿ ಕಲೆ ನೋಡಲು ಜೀಪಿನಲ್ಲಿ ಬಂದದ್ದು ಕಂಡು ಮಾಸ್ತರರ ಕಣ್ಣು ತುಂಬಿತು. ಕೈ ಹಿಡಿದು ಬೋರ್ಡಿನ ಹಿಂದೆ ಕರೆತಂದರು. ಶರಣಬಸವ ನೋಡಿದ. ಪೈಪು ಇತ್ತು. ಕಲ್ಲು ಇತ್ತು. ಕಲ್ಲಿನ ನಂಬರು ಇತ್ತು. ಕಲ್ಲಿಗೂ ಕಾಲುವೆಗೂ ನಡುವೆ, ಸರಕಾರದ ಜಾಗದಲ್ಲಿ, ಗುಡಿಸಲು ಇತ್ತು.

"ಇದು ಅಳತಿಗಿ ಬರಾಬರಿ ಐತೇನ್ರಿ?" ಅಂದ ಶರಣಬಸವ.

"ಒಂದು ಕೂದಲೆಳಿ ಹೆಚ್ಚುಕಮ್ಮಿ ಇಲ್ರಿ!" ಅಂದರು ಮಾಸ್ತರರು. ಈ ಪ್ರಶ್ನೆಗಾಗಿ ಅವರು ಇಪ್ಪತ್ತೆರಡು ವರ್ಷ ಕಾದಿದ್ದರು. "ದಿನಾ ನಿಂತು ಅಳದೀನಿ. ಇದ್ದದ್ದು ಇದ್ದಂಗ ಐತಿ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

"ಇದು... ಎಲ್ಲಿಗಿ ಹೋಗತೈತ್ರಿ?"

"ಲಿಂಗಸುಗೂರಿಗ್ರಿ. ಹದಿನೈದಕ್ಕ ದೊಡ್ಡವರು ನೋಡ್ತಾರ."

ಶರಣಬಸವ ಮೊಬೈಲಿನಲ್ಲಿ ಚಿತ್ರದ ಫೋಟೋ ತೆಗೆದುಕೊಂಡ. ಮಾಸ್ತರರು ಚಿತ್ರದ ಪಕ್ಕ ತಾವೂ ನಿಂತು ನಕ್ಕರು.

ನವೆಂಬರ ಹದಿಮೂರಕ್ಕೆ, ಬಾಗಿಲ ಚೀಲಕ್ಕೆ ಕಡೆಯ ಬಣ್ಣ ಹಚ್ಚಲೆಂದು ಮಾಸ್ತರರು ಬೆಳಿಗ್ಗೆ ಬಂದಾಗ ಏರಿಯ ಮೇಲೆ ಜೆಸಿಬಿ ನಿಂತಿತ್ತು. ಅರ್ಧ ಊರು ನೆರೆದಿತ್ತು. ಶರಣಬಸವ ಓಡಿ ಬಂದು, "ಬರ್ರಿ ಸರ, ಕಣ್ಣಾರೆ ನೋಡ್ರಿ. ಪೈಪು ತಗಸೀನಿ. ಈಗ ಗುಡಿಸಲನೂ ತಗಸಾಕತ್ತೀನಿ," ಅಂದ.

ಆಗ ಮಾಸ್ತರರಿಗೆ ಎರಡು ತಿಂಗಳ ಮೊಸರು, ಶೇಂಗಾ, ನಮಸ್ಕಾರ ಎಲ್ಲ ಒಟ್ಟಿಗೆ ಅರ್ಥವಾಯಿತು.

"ನಾ ಡ್ರಾಯಿಂಗ್ ಮಾಸ್ತರ ಅದೀನ್ರಿ!" ಎಂದು ಕೂಗಿದರು. "ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ! ಅದು ಬರೇ ಚಿತ್ರ!"

ಡ್ರೈವರ ಜೆಸಿಬಿಯ ಎಂಜಿನ್ ಬಂದ್ ಮಾಡಿದ. ಆಮೇಲೆ ಗಿಡ್ಡಪ್ಪ, "ಹಂಗಾದ್ರ ನಮ್ಮ ಮೊಸರು?" ಅಂದ. ಪಂಪಾಪತಿ, "ಹೊಸಾ ಶೆಡ್ಡು ಕೆಡವಿಸಿದೆಲ್ಲೋ, ಮನಿಹಾಳಾ!" ಎಂದು ಕೈಯೆತ್ತಿ ಬಂದ, ನಾಲ್ಕು ಜನ ಹಿಡಿದುಕೊಂಡರು. ಶರಣಬಸವನ ಮುಖದಲ್ಲಿ ಮೊದಲು ಜೀವ ಬಂತು, ಆಮೇಲೆ ಸಿಟ್ಟು ಬಂತು. "ಡ್ರಾಯಿಂಗ್ ಮಾಸ್ತರಗ ನಾ ಎರಡು ಸರ್ತಿ ನಮಸ್ಕಾರ ಮಾಡೀನಲ್ರಿ!" ಅಂದ.

"ಬೈರಿ ಸರ, ಎಷ್ಟು ಬೇಕಾದ್ರೂ ಬೈರಿ. ಗುಡಿಸಲ ಬಿಡ್ರಿ. ಈಗ ಗೊತ್ತಾತಲ್ಲ, ಮ್ಯಾಲಿನವರು ಯಾರೂ ನೋಡಿಲ್ಲ."

"ಹ್ಯಾಂಗ ಬಿಡಾಕ ಬರತೈತ್ರಿ? ಒತ್ತುವರಿ ತೆರವು ಮಾಡಲಾಗಿದೆ ಅಂತ ನಿನ್ನೆನ ವರದಿ ಕಳಿಸೀನಿ. ಈಗ ತಗೀಲಿಲ್ಲಂದ್ರ ವರದಿ ಸುಳ್ಳಾಗತೈತಿ."

ಮಾಸ್ತರರು ಬೋರ್ಡನ್ನು ಎದೆಗೆ ಅವುಚಿಕೊಂಡು ಜೆಸಿಬಿಯ ಮುಂದೆ ನಿಂತರು. ಜೀವಮಾನದಲ್ಲಿ ಒಂದೇ ಒಂದು ಖರೆ ಚಿತ್ರ ಬರೆದ ಮನುಷ್ಯ, ಊರ ಮಂದಿಯ ಎದುರು ಗಂಟಲು ಹರಿಯುವಂತೆ ಕೂಗಿದರು: "ಈ ಚಿತ್ರ ಸುಳ್ಳೈತ್ರಿ! ನಾ ಮನಸ್ಸಿಗಿ ಬಂದಂಗ ಬರದೀನಿ! ಅಳತಿ ಗಿಳತಿ ಏನೂ ಇಲ್ಲ! ಬೇಕಂದ್ರ ಬರದು ಸಹಿ ಮಾಡಿ ಕೊಡ್ತೀನಿ!"

"ಚಿತ್ರ ಸುಳ್ಳಾದರ ನಡಿತೈತ್ರಿ, ಮಾಸ್ತರ," ಅಂದ ಶರಣಬಸವ. "ವರದಿ ಸುಳ್ಳಾಗಬಾರದು."

ಗದ್ದೆಮ್ಮ ಅಳಲಿಲ್ಲ. ಟ್ರಂಕು, ಕೆಟಲಿ, ಮಿರ್ಚಿಯ ಬಾಣಲೆ ಹೊರಗಿಟ್ಟು, ಡ್ರೈವರನಿಗೆ, "ಹಾಲು ಒಲಿ ಮ್ಯಾಲ ಐತಿ, ಉಕ್ಕು ಬರ್ಲಿ. ಆಮ್ಯಾಲ ಕೆಡುವಂತಿ," ಅಂದಳು. ಹಾಲು ಉಕ್ಕಿತು. ಆಕೆ ಎಲ್ಲರಿಗೂ ಚಹಾ ಕೊಟ್ಟಳು. ಶರಣಬಸವನೂ ಕುಡಿದ. ಆಮೇಲೆ ಕೆಡವಿದರು. ಮೂವತ್ತು ವರ್ಷದ ಗುಡಿಸಲು ಹನ್ನೊಂದು ನಿಮಿಷ ಸಹ ತೆಗೆದುಕೊಳ್ಳಲಿಲ್ಲ. ಜೆಸಿಬಿ ರಸ್ತೆಗೆ ಇಳಿಯುವ ಮೊದಲೇ ಗಿಡ್ಡಪ್ಪ ಪೈಪನ್ನು ಮತ್ತೆ ಕಾಲುವೆಗೆ ಬಿಟ್ಟ. ವರದಿ ಬರೆಯುವಾಗ ಪೈಪು ಇರಲಿಲ್ಲ, ಅಷ್ಟು ಸಾಕು. ಆಮೇಲೆ ಬಂದರೆ ವರದಿಯ ತಪ್ಪಲ್ಲ. ಶರಣಬಸವ ಬೇರೆ ಕಡೆ ನೋಡುತ್ತ ಜೀಪು ಹತ್ತಿದ.

"ನೀ ಬರದದ್ದರಾಗ ತಪ್ಪಿಲ್ಲ ಬಿಡು ಮಾಸ್ತರ," ಅಂದಳು ಗದ್ದೆಮ್ಮ. "ಕಲ್ಲು ಬರಿ ಅಂದಾಕಿ ನಾನ." ಪಂಪಾಪತಿಯ ಪೆಟ್ಟು ಬಿದ್ದಿದ್ದರೆ ಮಾಸ್ತರರಿಗೆ ಇದಕ್ಕಿಂತ ಹಗುರಾಗುತ್ತಿತ್ತು.

ಹದಿನೈದಕ್ಕೆ ಲಿಂಗಸುಗೂರಿನಲ್ಲಿ ಮುದಿ ಕಲಾವಿದರು ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಕನ್ನಡಕ ತೆಗೆದು ಒರೆಸಿಕೊಂಡರು. "ಹೊರಗ ನಿಂತದ್ದು ಕಾಣತೈತಿ," ಅಂದರು. ಮೊದಲನೆಯ ಬಹುಮಾನ ಬಂತು, ಶಾಲು ಬಂತು. ಬಯಲಿನಲ್ಲಿ ನಿಂತು ಬರೆಯುವುದರಿಂದ ಕಲಾವಿದನಿಗೆ ಏನು ಲಾಭ ಎಂದು ನಾಲ್ಕು ಮಾತಾಡಲು ಮೈಕು ಕೊಟ್ಟರು. ಮಾಸ್ತರರು ಮೈಕು ಹಿಡಿದು ಚಿತ್ರದ ಕಡೆ ತಿರುಗಿದರು.

"ಹೊರಗ ನಿಂತು ಬರದ್ರ ಚಿತ್ರ ಉಳೀತೈತ್ರಿ," ಅಂದರು. "ಹೊರಗಿಂದು ಉಳಿಯಂಗಿಲ್ಲ."

ನಲವತ್ತು ಜನ ಚಪ್ಪಾಳೆ ತಟ್ಟಿದರು. ಬಹಳ ಆಳವಾದ ಮಾತು ಎಂದು ಇಬ್ಬರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮಾಸ್ತರರು ಶಾಲು ಬೇಡ ಅನ್ನಲಿಲ್ಲ. ಅನ್ನಬೇಕಿತ್ತು.

ಮರುದಿನ ತುಫಾನಿನ ಮಳೆ ಹಿಡಿಯಿತು. ಮಾಸ್ತರರು ಚಿತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಜವಳಗೇರಾದಲ್ಲಿ ಬಸ್ಸಿಳಿದರು. ರಸ್ತೆಯ ಬದಿಗೆ, ನಾಲ್ಕು ಕೋಲು ನೆಟ್ಟು ಮೇಲೆ ಹರಿದ ಚೀಲ ಕಟ್ಟಿ, ಗದ್ದೆಮ್ಮ ಕೆಟಲಿ ಇಟ್ಟುಕೊಂಡು ಕೂತಿದ್ದಳು. ಚೀಲದಿಂದ ನೀರು ಅವಳ ತಲೆಯ ಮೇಲೂ ಸೋರುತ್ತಿತ್ತು, ಒಲೆಯ ಮೇಲೂ ಸೋರುತ್ತಿತ್ತು.

"ನಿನಗಂತ ತಂದೀನಿ ಯವ್ವ. ಇದು ನಿಂದ."

ಅವಳು ಕೈ ಒರೆಸಿಕೊಂಡು ಸೀರೆ ಬಿಚ್ಚಿ ನೋಡಿದಳು. ಬೆರಳಿನಿಂದ ಊರುಗೋಲು ಮುಟ್ಟಿದಳು, ಬಾಗಿಲ ಚೀಲ ಮುಟ್ಟಿದಳು, ಕಲ್ಲಿನ ಸವೆದ ಅಂಚನ್ನು ಮುಟ್ಟಿದಳು.

"ಭಾಳ ಚಂದ ಬರದಿ. ಖರೆ ನನ್ನ ಮನಿನ ಐತಿ. ಆದ್ರ ತೂಗು ಹಾಕಾಕ ಗ್ವಾಡಿ ಎಲ್ಲೈತಿ ಮಾಸ್ತರ?"

ಅವಳು ಚಿತ್ರವನ್ನು ತಿರುಗಿಸಿ ಹಿಂದೆ ಮುಂದೆ ನೋಡಿದಳು, ಬೋರ್ಡನ್ನು ಗೆಣ್ಣಿನಿಂದ ಬಡಿದಳು, ಕಟ್ಟಿಗೆಯ ಚೌಕಟ್ಟನ್ನು ಅಲುಗಿಸಿದಳು.

"ಇದರ ಮ್ಯಾಲ ನೀರು ಬಿದ್ರ ಬಣ್ಣ ಬಿಡತೈತೇನು?"

"ಇಲ್ಲ ಯವ್ವ. ಎಣ್ಣಿ ಬಣ್ಣ. ನೀರು ನಿಲ್ಲಂಗಿಲ್ಲ, ಜಾರಿ ಹೋಗತೈತಿ."

"ಹಂಗಾದ್ರ ಆ ಕಡಿ ಹಿಡಿ."

ಇಬ್ಬರೂ ಸೇರಿ ಹರಿದ ಚೀಲ ತೆಗೆದು, ಬಣ್ಣದ ಕಡೆ ಮೇಲಾಗಿ ಚಿತ್ರವನ್ನು ನಾಲ್ಕು ಕೋಲಿನ ಮೇಲೆ ಇಟ್ಟು ಹಗ್ಗದಿಂದ ಬಿಗಿದರು. ಮಳೆ ಗದ್ದೆಯ ಮೇಲೆ, ಕಾಲುವೆಯ ಮೇಲೆ, ಗುಡಿಸಲಿನ ಮೇಲೆ ಬಿದ್ದು ಜಾರಿಹೋಗತೊಡಗಿತು. ಗದ್ದೆಮ್ಮ ಅದರ ಕೆಳಗೆ ಮುದುಡಿ ಕೂತು, ಮೇಲೆ ನೋಡಿದಳು, ಪಕ್ಕಕ್ಕೆ ನೋಡಿದಳು. ಅವಳ ತಲೆಗೆ ಹನಿ ಬೀಳುವುದು ನಿಂತಿತ್ತು. ಒಲೆ ಮಾತ್ರ ಹೊರಗೇ ಉಳಿದು ಚುಯ್ ಚುಯ್ ಎಂದು ಆರುತ್ತಿತ್ತು.

"ಇನ್ನೊಂದು ಫೂಟು ದೊಡ್ಡದು ಬರದಿದ್ರ," ಅಂದಳು, "ಒಲಿಗೂ ಆಗತಿತ್ತು ನೋಡು ಮಾಸ್ತರ."